ನಾಯಿ ವಾಕಿಂಗ್ ಕರ್ಕೊಂಡು ಹೋಗೋಕೆ ಭಯನಾ? ಬೇರೆ ನಾಯಿಗಳ ದಾಳಿ ತಪ್ಪಿಸೋಕೆ, ದಾಳಿ ಆಗೇಬಿಟ್ರೆ ನಿಭಾಯಿಸೋಕೆ ಪೂರ್ತಿ ಗೈಡ್

ನಾಯಿ ಸಾಕಿರೋರಿಗೆ ವಾಕಿಂಗ್ ಟೈಮ್ ಆಯ್ತು ಅಂದ್ರೆ ಮೊದ್ಲು ತಲೆಗೆ ಬರೋದೇ ಆ ತಿರುವಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ ಮಲಗಿರೋ ನಾಲ್ಕು ನಾಯಿಗಳು, ಅಥವಾ ಗೇಟ್ ಯಾವಾಗ್ಲೂ ಅರ್ಧ ತೆಗ್ದೇ ಇರೋ ಆ ಮನೆ ರಾಟ್‌ವೀಲರ್. ಬೆಂಗಳೂರಲ್ಲಿ 2023ರಲ್ಲಿ ಬಿಬಿಎಂಪಿ ಮಾಡಿಸಿದ ಎಣಿಕೇಲಿ ಸುಮಾರು 2.79 ಲಕ್ಷ ಬೀದಿನಾಯಿ ಸಿಕ್ವು, 2019ರಲ್ಲಿ ಅದು 3.10 ಲಕ್ಷ ಇತ್ತು, ಅಂದ್ರೆ ಕಮ್ಮಿ ಆಗಿದೆ, ಆದ್ರೂ ಯಾವ ರಸ್ತೆಗೆ ಹೋದ್ರೂ ಒಂದು ಗುಂಪು ಎದುರಾಗೋದಂತೂ ಗ್ಯಾರಂಟಿ. ಸೋ ಭಯ ಪಡೋರು ಹುಚ್ಚರೇನಲ್ಲ.

ಯಾರನ್ನ ಕೇಳಿದ್ರೂ ಮೊದ್ಲು ಹೇಳೋದು ಕೋಲು ಇಟ್ಕೊಳ್ಳಿ, ಸ್ಪ್ರೇ ಇಟ್ಕೊಳ್ಳಿ ಅಂತ. ನನ್ನ ಪ್ರಕಾರ ಅದು ಕೊನೇ ಮಾತು. ದಾಳಿ ಆಗತ್ತೋ ಇಲ್ವೋ ಅನ್ನೋದು ಮುಕ್ಕಾಲು ಪಾಲು ಎರಡು ನಾಯಿ ಮುಖಾಮುಖಿ ಆಗೋಕೆ ಮುಂಚೇನೇ ತೀರ್ಮಾನ ಆಗಿರತ್ತೆ, ಯಾವ ದಾರಿ ಹಿಡಿದ್ರಿ, ಎಷ್ಟು ಗಂಟೆಗೆ ಹೊರಟ್ರಿ, ಲೀಶ್ ಹೆಂಗೆ ಹಿಡ್ಕೊಂಡಿದ್ರಿ, ದೂರದಲ್ಲಿರೋ ನಾಯಿನ ನೀವು ಮೊದ್ಲು ನೋಡಿದ್ರಾ ಇಲ್ಲ ನಿಮ್ಮ ನಾಯಿ ಮೊದ್ಲು ನೋಡ್ತಾ. ಅದಕ್ಕೇ ಈ ಗೈಡ್‌ನಲ್ಲಿ ಜಗಳ ಬಿಡಿಸೋ ವಿಷ್ಯಕ್ಕಿಂತ ಜಗಳಕ್ಕೆ ಮುಂಚಿನ ವಿಷ್ಯನೇ ಜಾಸ್ತಿ ಇದೆ. ಬೆಂಗಳೂರು ಇಟ್ಕೊಂಡು ಬರ್ದಿದೀನಿ, ಮೈಸೂರು ಹುಬ್ಬಳ್ಳಿ ಮಂಗಳೂರಲ್ಲೂ ಹೆಚ್ಚೂಕಮ್ಮಿ ಇದೇ ಕತೆ.

ಹೆಜ್ಜೆ 1: ಮೊದ್ಲು ನಾಯಿ ಇಲ್ದೆ ನೀವೊಬ್ರೇ ನಡೀರಿ

ಇದನ್ನ ಯಾರೂ ಮಾಡಲ್ಲ. ನಾಯಿನ ಮನೇಲಿ ಬಿಟ್ಟು, ವಾಕಿಂಗ್ ಹೋಗೋ ಅದೇ ಟೈಮಿಗೆ ಅದೇ ದಾರೀಲಿ ಎರಡ್ಮೂರು ದಿನ ಸುಮ್ನೆ ಓಡಾಡಿ, ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ. ಬೀದಿನಾಯಿಗಳು ಎಲ್ಲೆಂದ್ರಲ್ಲಿ ಅಲೀತಾವೆ ಅಂತ ಅಂದ್ಕೊಂಡಿರ್ತೀವಿ, ಆದ್ರೆ ಹೆಚ್ಚಿನವಕ್ಕೆ ಒಂದು ಏರಿಯಾ ಇರತ್ತೆ, ಈ ಲೈಟ್ ಕಂಬದಿಂದ ಆ ಮೋರಿವರ್ಗೂ ಅಂತ, ಆ ಗಡಿ ದಾಟಿದ್ರೆ ಆಚೆ ಗುಂಪು ಇವನ್ನೇ ಅಟ್ಟಿಸ್ಕೊಂಡು ಬರತ್ತೆ. ಎಲ್ಲಿ ಯಾವ ಗುಂಪು ಶುರುವಾಗತ್ತೆ ಎಲ್ಲಿ ಮುಗಿಯತ್ತೆ ಅಂತ ಗೊತ್ತಾದ್ರೆ ಅರ್ಧ ತಲೆನೋವು ಕಮ್ಮಿ.

ಏನೇನು ನೋಡ್ಕೋಬೇಕು ಅಂದ್ರೆ, ಕಸ ಸುರಿಯೋ ಜಾಗ, ಚಿಕನ್ ಅಂಗಡಿ (ಭಾನುವಾರ ಬೆಳಿಗ್ಗೆ ಅದರ ಸುತ್ತ ಹೋಗ್ಲೇಬೇಡಿ), ಬೀದಿಬದಿ ತಿಂಡಿ ಗಾಡಿ ನಿಲ್ಲೋ ಕಡೆ, ಕಟ್ಟಡ ಕೆಲಸ ನಡೀತಿರೋ ಸೈಟು, ಯಾಕಂದ್ರೆ ಅಲ್ಲಿ ಮರಳು ರಾಶಿ ಮೇಲೆ ಮಲಗೋ ನಾಯಿಗಳು ಆ ಸೈಟನ್ನ ತಮ್ದೇ ಅಂದ್ಕೊಂಡಿರ್ತವೆ. ಎಲ್ಲಿ ಊಟ ಹಾಕ್ತಾರೆ, ಎಷ್ಟು ಗಂಟೆಗೆ ಹಾಕ್ತಾರೆ ಅನ್ನೋದೂ ಬೇಕು, ಊಟದ ಟೈಮಲ್ಲಿ ಸಾಧು ನಾಯಿನೂ ಬೇರೆ ನಾಯಿನ ಹತ್ರ ಸೇರಿಸಲ್ಲ. ಮತ್ತೆ ತಪ್ಪಿಸ್ಕೊಳ್ಳೋ ಜಾಗಗಳು: ಯಾವ ಮನೆ ಗೇಟು ಸುಲಭವಾಗಿ ತೆಗೆಯತ್ತೆ, ಯಾವ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಒಳಗೆ ಬಿಟ್ಕೋತಾರೆ, ಎಲ್ಲಿ ಕಾರುಗಳು ಸಾಲಾಗಿ ನಿಂತಿರ್ತವೆ.

ಊಟ ಹಾಕೋ ಆಂಟಿನೋ ಹುಡುಗನೋ ಸಿಕ್ರೆ ನಿಂತು ಮಾತಾಡ್ಸಿ, ಬೈಯೋಕೆ ಹೋಗ್ಬೇಡಿ ದಯವಿಟ್ಟು. ಆ ರಸ್ತೆ ಒಂದೊಂದು ನಾಯಿ ಹೆಸರು, ಬುದ್ಧಿ, ಯಾವ್ದಕ್ಕೆ ಆಪರೇಷನ್ ಆಗಿದೆ, ಯಾವ್ದು ಮರಿ ಹಾಕಿದೆ ಎಲ್ಲ ಅವರಿಗೆ ಗೊತ್ತಿರತ್ತೆ. "ಆ ಕಂದು ಬಣ್ಣದ್ದು ಒಂದು ಹುಷಾರು ಮೇಡಂ, ಮಿಕ್ಕಿದ್ದೆಲ್ಲ ಬರೀ ಸೌಂಡು" ಅನ್ನೋ ಒಂದು ಮಾತು ಸಿಕ್ಕಿದ್ರೂ ಸಾಕು. ನಾಯಿ ಕಿವಿ ತುದಿ ಸ್ವಲ್ಪ ಕತ್ತರಿಸಿದ್ರೆ ಅದಕ್ಕೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಅರ್ಥ, ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್) ಅಂತಾರಲ್ಲ ಆ ಕಾರ್ಯಕ್ರಮದಲ್ಲಿ, ಆಗ ರೇಬಿಸ್ ಲಸಿಕೆನೂ ಹಾಕಿರ್ತಾರೆ. ಆದ್ರೆ ಲಸಿಕೆ ಪ್ರತಿವರ್ಷ ಹಾಕ್ಬೇಕು, ಹಾಗಾಗಿ ಕಿವಿ ನೋಡಿ ರೇಬಿಸ್ ಭಯ ಇಲ್ಲ ಅಂತ ತೀರ್ಮಾನಕ್ಕೆ ಬರ್ಬೇಡಿ.

ಹಂಗೇ ನೀವೊಬ್ರೇ ಓಡಾಡುವಾಗ ಆ ನಾಯಿಗಳಿಗೆ ಒಂದೆರಡು ಬಿಸ್ಕತ್ತು ಹಾಕಿ, ಮುಖ ಪರಿಚಯ ಆಗ್ಲಿ. ಪರಿಚಯ ಇರೋ ಮನುಷ್ಯನ ಜೊತೆ ಬರೋ ನಾಯಿಗೆ ಬೊಗಳೋದು ಕಮ್ಮಿ ಆಗತ್ತೆ, ಪೂರ್ತಿ ನಿಲ್ಲತ್ತೆ ಅಂತ ನಾನು ಹೇಳಲ್ಲ. ಇನ್ನೊಂದು, ನಿಮ್ಮ ನಾಯಿ ಜೊತೆಗಿರುವಾಗ ಇದನ್ನ ಅಭ್ಯಾಸ ಮಾಡ್ಬೇಡಿ, ಬಿಸ್ಕತ್ತಿಗೋಸ್ಕರ ಹತ್ರ ಬಂದು ಅಲ್ಲೇ ಜಗಳ ಹತ್ಕೊಳ್ಳತ್ತೆ.

ಹೆಜ್ಜೆ 2: ಟೈಮು ಮತ್ತು ಸೀಸನ್ನು

ರಾತ್ರಿ ಹನ್ನೊಂದರ ಮೇಲೆ, ಬೆಳಗಿನ ಜಾವ ಐದೂವರೆ ಒಳಗೆ ರಸ್ತೆ ನಾಯಿಗಳದ್ದು. ಟ್ರಾಫಿಕ್ ಇರಲ್ಲ, ಜನ ಇರಲ್ಲ, ಗುಂಪು ರಸ್ತೆ ಮಧ್ಯನೇ ಕೂತಿರತ್ತೆ. ಐಟಿ ಶಿಫ್ಟ್ ಮುಗಿಸಿ ಬಂದು ನಡುರಾತ್ರಿ ನಾಯಿ ಕರ್ಕೊಂಡು ಹೋಗೋರು ತುಂಬಾ ಜನ ಇದಾರೆ, ಬೇರೆ ದಾರಿ ಇಲ್ಲ ಅಂದ್ರೆ ಮನೆ ಮುಂದೆ ಉಚ್ಚೆ ಹೊಯ್ಸಿ ಒಳಗೆ ಬನ್ನಿ, ದೊಡ್ಡ ರೌಂಡ್ ಆಗ ಬೇಡ. ನಂದಿನಿ ಬೂತ್ ಹತ್ರ ಜನ ಸೇರಿ, ಪೇಪರ್ ಹಾಕೋ ಹುಡುಗ್ರು, ವಾಕಿಂಗ್ ಅಂಕಲ್‌ಗಳೆಲ್ಲ ರಸ್ತೆಗೆ ಇಳಿದ್ಮೇಲೆ, ಅಂದ್ರೆ ಆರೂವರೆಯಿಂದ ಎಂಟರವರೆಗೆ, ಅದೇ ನಾಯಿಗಳು ಪಕ್ಕಕ್ಕೆ ಸರಿದು ಮಲಗಿರ್ತವೆ. ಏನಾದ್ರೂ ಆದ್ರೆ ಓಡಿ ಬರೋಕೆ ಜನನೂ ಇರ್ತಾರೆ. ಮಧ್ಯಾಹ್ನ ನಾಯಿಗಳು ಮಲಗಿರ್ತವೆ ನಿಜ, ಆದ್ರೆ ಬೇಸಿಗೇಲಿ ಟಾರ್ ರಸ್ತೆ ನಿಮ್ಮ ನಾಯಿ ಪಾದ ಸುಟ್ಟಾಕತ್ತೆ.

ಸೀಸನ್ ಬಗ್ಗೆ ಹಳ್ಳೀಲಿ ಬೆಳೆದೋರಿಗೆ ಹೇಳ್ಬೇಕಾಗೇ ಇಲ್ಲ, ಕಾರ್ತಿಕ ಮಾಸದ ನಾಯಿಗಳು ಅಂತ ಮಾತೇ ಇದೆ. ಮಳೆ ಮುಗಿಯೋ ಹೊತ್ತಿಗೆ ಒಂದು ಹೆಣ್ಣು ನಾಯಿ ಹಿಂದೆ ಎಂಟು ಗಂಡು ಸುತ್ತುತ್ತಿರ್ತವೆ, ಪರಊರಿನ ನಾಯಿಗಳೂ ಬಂದು ಸೇರ್ಕೋತವೆ, ಗಡಿಗಿಡಿ ಎಲ್ಲ ಲೆಕ್ಕಕ್ಕಿಲ್ಲ, ಜೊತೆಗೆ ದೀಪಾವಳಿ ಪಟಾಕಿ ಬೇರೆ. ಆ ಟೈಮಲ್ಲಿ ಗುಂಪು ಕಂಡ್ರೆ ಸುಮ್ನೆ ವಾಪಸ್ ತಿರುಗಿ. ನಾಯಿ ಬಸಿರು ಸುಮಾರು ಎರಡು ತಿಂಗಳು, ಹಾಗಾಗಿ ಡಿಸೆಂಬರ್ ಜನವರೀಲಿ ಎಲ್ಲಾ ಕಡೆ ಮರಿಗಳು, ಮರಿ ಕಾಯೋ ತಾಯಿ ಎಚ್ಚರಿಕೆ ಕೊಡ್ದೇ ನುಗ್ಗತ್ತೆ, ನಿಂತಿರೋ ಕಾರ್ ಕೆಳಗಿಂದ ಸೀದಾ ಬರತ್ತೆ. ಅಂಥ ಜಾಗನ ಎರಡು ತಿಂಗಳು ಬಿಟ್ಟುಬಿಡಿ. ನಿಮ್ಮ ಹೆಣ್ಣು ನಾಯಿ ಬೆದೆಗೆ ಬಂದಿದ್ರೆ ಅದನ್ನ ರಸ್ತೆಗೆ ತರೋದೇ ಬೇಡ, ಟೆರೇಸ್ ಸಾಕು.

ಹೆಜ್ಜೆ 3: ಮೈಮೇಲೆ ಏನಿರ್ಬೇಕು, ಕೈಯಲ್ಲಿ ಏನಿರ್ಬೇಕು

ಮೊದ್ಲು ಆ ಗುಂಡಿ ಒತ್ತಿದ್ರೆ ಉದ್ದ ಬರೋ ಲೀಶ್ ಇದ್ಯಲ್ಲ, ಅದನ್ನ ರಸ್ತೆಗೆ ತರ್ಬೇಡಿ. ನಾಯಿ ಹದಿನೈದು ಅಡಿ ಮುಂದೆ ಹೋಗಿ ಗುಂಪಿನ ಮಧ್ಯ ನಿಂತಿರತ್ತೆ, ನೀವು ಹಿಂದೆ ಗುಂಡಿ ಒತ್ತುತ್ತಾ ಇರ್ತೀರ, ಆ ತೆಳ್ಳಗಿನ ದಾರ ಕೈಗೆ ಸುತ್ಕೊಂಡ್ರೆ ಚರ್ಮ ಕಿತ್ಕೊಂಡು ಬರತ್ತೆ. ಐದಾರು ಅಡಿ ಸಾದಾ ನೈಲಾನ್ ಅಥವಾ ಹತ್ತಿ ಲೀಶ್, ದಪ್ಪದ್ದು. ಕಬ್ಬಿಣದ ಚೈನ್ ಬೇಡ, ಜಗಳದಲ್ಲಿ ಹಿಡಿಯೋಕಾಗಲ್ಲ.

ಕುತ್ತಿಗೆ ಬೆಲ್ಟಿಗಿಂತ ಎದೆಗೆ ಹಾಕೋ ಹಾರ್ನೆಸ್ ಒಳ್ಳೇದು, ಅದ್ರಲ್ಲೂ ಬೆನ್ನ ಮೇಲೆ ಹಿಡಿಕೆ ಇರೋದು. ಸಿಕ್ಕಾಪಟ್ಟೆ ಉಪಯೋಗ ಅದು, ಚಿಕ್ಕ ಮಧ್ಯಮ ಸೈಜಿನ ನಾಯಿ ಆದ್ರೆ ಒಂದೇ ಕೈಲಿ ಎತ್ತಿ ಗೇಟ್ ಒಳಗೆ ಹಾಕ್ಬೋದು, ದೊಡ್ಡದಾದ್ರೆ ಹಿಡಿದು ಹಿಂದಕ್ಕೆ ತಿರುಗಿಸ್ಬೋದು. ಬೆಲ್ಟ್ ಸಡಿಲ ಇದ್ರೆ ಹೆದರಿದ ನಾಯಿ ಹಿಮ್ಮುಖವಾಗಿ ಎಳೆದು ತಲೆ ತಪ್ಪಿಸ್ಕೊಂಡು ಓಡತ್ತೆ, ಓಡೋ ನಾಯಿ ಹಿಂದೆ ಇಡೀ ಗುಂಪು ಓಡತ್ತೆ, ಮುಂದೆ ರಸ್ತೇಲಿ ಬಸ್ಸು. ಅದಕ್ಕೇ ಹೆದ್ರುಪುಕ್ಕಲು ನಾಯಿ ಆದ್ರೆ ಬೆಲ್ಟಿಗೊಂದು ಹಾರ್ನೆಸ್‌ಗೊಂದು ಎರಡೂ ಕಡೆ ಕೊಕ್ಕೆ ಹಾಕಿ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಇರೋ ಬಿಲ್ಲೆ ಇರ್ಲಿ. ಮುಳ್ಳಿನ ಬೆಲ್ಟು, ಬಿಗಿಯೋ ಚೈನು ಬೇಡ, ಬೇರೆ ನಾಯಿ ಕಂಡಾಗೆಲ್ಲ ಕುತ್ತಿಗೆ ನೋವಾದ್ರೆ ಅದು ಬೇರೆ ನಾಯಿ ಮೇಲೇ ಸಿಟ್ಟು ಕಲಿಯತ್ತೆ.

ಲೀಶ್‌ನ ಬೆರಳಿಗೆ, ಮಣಿಕಟ್ಟಿಗೆ ಸುತ್ಕೋಬೇಡಿ, ಲ್ಯಾಬ್ರಡಾರ್ ಒಂದು ಸಲ ಜಗ್ಗಿದ್ರೆ ಬೆರಳು ಮುರಿಯತ್ತೆ. ಕುಣಿಕೆಗೆ ಹೆಬ್ಬೆರಳು ತೂರಿಸಿ ಮುಷ್ಟಿ ಮುಚ್ಚಿ. ಇನ್ನೊಂದು ಕೈ ಖಾಲಿ ಇರ್ಬೇಕು, ಫೋನ್ ಜೇಬಲ್ಲಿ, ಇಯರ್‌ಫೋನ್ ಮನೇಲಿ.

ಆ ಖಾಲಿ ಕೈಗೆ ಏನು? ನನ್ನ ಆಯ್ಕೆ ಕೊಡೆ. ಬಟನ್ ಒತ್ತಿದ್ರೆ ಪಟ್ ಅಂತ ತೆರೆಯೋ ದೊಡ್ಡ ಕೊಡೆ. ಬರೋ ನಾಯಿ ಮುಖಕ್ಕೆ ಎದುರಾಗಿ ತೆರೆದ್ರೆ ಅದಕ್ಕೆ ಸಡನ್ನಾಗಿ ಒಂದು ಗೋಡೆ ಕಾಣತ್ತೆ, ಹಿಂದೆ ನಿಮ್ಮ ನಾಯಿ ಕಾಣಲ್ಲ, ಯಾರಿಗೂ ಗಾಯ ಇಲ್ಲ. ಆದ್ರೆ ಮನೇಲಿ ನಿಮ್ಮ ನಾಯಿಗೆ ಮೊದ್ಲು ಆ ಸದ್ದು ಅಭ್ಯಾಸ ಮಾಡಿಸಿ, ಇಲ್ಲಾಂದ್ರೆ ಅದೇ ಮೊದ್ಲು ಓಡೋಗತ್ತೆ. ಕೋಲು ಇಟ್ಕೊಳ್ಳೋರು ಇಟ್ಕೊಳ್ಳಿ, ಆದ್ರೆ ಅದು ಅಡ್ಡ ಹಿಡಿಯೋಕೆ, ನೆಲಕ್ಕೆ ಕುಟ್ಟೋಕೆ. ಹೊಡೆದ್ರೆ ಕೆಲವು ನಾಯಿ ಓಡತ್ತೆ, ಕೆಲವು ಇನ್ನೂ ಕೆರಳತ್ತೆ, ನಾಳೆಯಿಂದ ನಿಮ್ಮನ್ನ ಕಂಡ್ರೇನೇ ಗುರ್ ಅನ್ನತ್ತೆ. ಪೆಪ್ಪರ್ ಸ್ಪ್ರೇ ನಂಗೆ ಇಷ್ಟ ಇಲ್ಲ, ಗಾಳಿ ನಿಮ್ಮ ಕಡೆ ಬೀಸ್ತಿದ್ರೆ ಕಣ್ಣು ಉರಿಯೋದು ನಿಮಗೆ ಮತ್ತೆ ನಿಮ್ಮ ನಾಯಿಗೆ. ರಾತ್ರಿ ಆದ್ರೆ ಒಳ್ಳೇ ಟಾರ್ಚು. ಜೇಬಲ್ಲಿ ಒಂದು ಪೊಟ್ಟಣ ಬಿಸ್ಕತ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಹೆಜ್ಜೆ 4: ಮನೇಲೇ ಎರಡು ಪಾಠ

ಒಂದು, ವಾಪಸ್ ತಿರುಗೋದು. ಹಾಲ್‌ನಲ್ಲಿ ನಡೀತಾ ನಡೀತಾ "ಬಾ ಈಕಡೆ" ಅಂತ ಖುಷಿ ದನೀಲಿ ಹೇಳಿ ಗಕ್ಕನೆ ತಿರುಗಿ, ನಾಯಿ ನಿಮ್ಮ ಜೊತೆ ತಿರುಗಿದ್ರೆ ತಿಂಡಿ. ಮನೇಲಿ, ಆಮೇಲೆ ಟೆರೇಸ್‌ನಲ್ಲಿ, ಆಮೇಲೆ ಖಾಲಿ ರಸ್ತೇಲಿ. ಎಳೆಯೋದೇ ಬೇಡ, ಮಾತು ಕೇಳಿದ ತಕ್ಷಣ ಕಾಲು ತಾನಾಗೇ ತಿರುಗ್ಬೇಕು, ಆ ಮಟ್ಟಕ್ಕೆ ಆಗ್ಬೇಕು. ಎರಡು, "ಹಿಂದೆ" ಅಂದ್ರೆ ನಿಮ್ಮ ಕಾಲ ಹಿಂದೆ ಬಂದು ನಿಲ್ಲೋದು. ಗೋಡೆ ಪಕ್ಕ ನಿಂತು ಕೈಯಲ್ಲಿ ತಿಂಡಿ ತೋರಿಸಿ ಹಿಂದಕ್ಕೆ ತಂದು ಕೊಡ್ತಾ ಹೋದ್ರೆ ಬೇಗ ಕಲಿಯತ್ತೆ. ಕೂತ್ಕೋ, ಶೇಕ್‌ಹ್ಯಾಂಡ್ ಎಲ್ಲ ನೆಂಟರಿಗೆ ತೋರ್ಸೋಕೆ, ರಸ್ತೇಲಿ ಪ್ರಾಣ ಉಳ್ಸೋದು ಇವೆರಡೇ.

ಹೆಜ್ಜೆ 5: ಎದುರಿನ ನಾಯಿನ ದೂರದಿಂದ್ಲೇ ಓದಿ

ಬೊಗಳೋ ನಾಯಿ ಕಚ್ಚಲ್ಲ ಅಂತ ಗಾದೆ ಇದೆ, ಅದನ್ನ ನಂಬ್ಕೊಂಡು ಹೋಗ್ಬೇಡಿ, ಬೊಗಳಿ ಆಮೇಲೆ ಕಚ್ಚೋವೂ ಬೇಕಾದಷ್ಟಿವೆ. ಆದ್ರೂ ಅದ್ರಲ್ಲಿ ಒಂದು ಸತ್ಯ ಇದೆ, ಮುಂದಕ್ಕೆ ಎರಡು ಹೆಜ್ಜೆ ಹಿಂದಕ್ಕೆ ಎರಡು ಹೆಜ್ಜೆ ಇಡ್ತಾ ಬೊಗಳೋ ನಾಯಿ "ಇಲ್ಲಿಂದ ಹೋಗು" ಅಂತಿದೆ ಅಷ್ಟೇ, ಹೋದ್ರೆ ಮುಗೀತು, ಗಡಿವರ್ಗೂ ಹಿಂದೆ ಬಂದು ಬಿಟ್ಟು ವಾಪಸ್ ಹೋಗತ್ತೆ. ಸದ್ದಿಲ್ದೆ ನೋಡೋದು ಬೇರೆ ವಿಷ್ಯ. ಮೈ ಮರದ ಹಲಗೆ ಥರ ಸೆಟೆದಿರತ್ತೆ, ತಲೆ ಭುಜದ ಮಟ್ಟಕ್ಕೆ ಇಳಿದಿರತ್ತೆ, ಬಾಯಿ ಮುಚ್ಚಿರತ್ತೆ, ಕಣ್ಣು ನಿಮ್ಮ ನಾಯಿ ಮೇಲೆ ನೆಟ್ಟಿರತ್ತೆ, ಬಾಲ ಮೇಲಕ್ಕೆ ನಿಂತು ತುದಿ ಮಾತ್ರ ಸಣ್ಣಗೆ ಅದುರ್ತಿರತ್ತೆ. ಇದನ್ನ ನೋಡಿ "ಬಾಲ ಅಲ್ಲಾಡಿಸ್ತಿದೆ ಪಾಪ" ಅನ್ನೋರು ಇದಾರೆ. ಬಾಲ ಅಲ್ಲಾಡಿದ್ರೆ ಸಾಲ್ದು, ಸೊಂಟನೂ ಸೇರಿ ಮೈ ಪೂರ್ತಿ ಸಡಿಲವಾಗಿ ಅಲ್ಲಾಡ್ಬೇಕು, ಅದು ಸ್ನೇಹ.

ಜೊಲ್ಲು ಸುರಿಸ್ತಾ, ತೂರಾಡ್ತಾ, ದವಡೆ ಜೋತು ಬಿದ್ದು, ಸಿಕ್ಕಿದ್ದನ್ನೆಲ್ಲ ಕಚ್ತಾ ಒಂಟಿಯಾಗಿ ಬರೋ ನಾಯಿ ಕಂಡ್ರೆ ಓದೋದೂ ಬೇಡ ಏನೂ ಬೇಡ, ಹತ್ತಿರದ ಗೇಟ್ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಪಾಲಿಕೆಗೆ ಫೋನ್ ಮಾಡಿ (ನಂಬರ್ ಹೆಜ್ಜೆ 10ರಲ್ಲಿದೆ). ರೇಬಿಸ್ ಇರ್ಬೋದು.

ನಿಮ್ಮ ನಾಯಿನೂ ಓದಿ. ಎಷ್ಟೋ ಸಲ ಶುರು ಹಚ್ಕೊಳ್ಳೋದು ನಮ್ಮದೇ ಬಂಗಾರ. ದೂರದಿಂದ್ಲೇ ಗುರಾಯಿಸ್ತಾ, ಲೀಶ್ ಜಗ್ಗಿ ಎರಡು ಕಾಲ ಮೇಲೆ ನಿಂತು ಕೂಗಾಡ್ತಿದ್ರೆ ಮಲಗಿರೋ ನಾಯಿ ಎದ್ದು ಬರ್ದೇ ಇರತ್ತಾ?

ಹೆಜ್ಜೆ 6: ಹತ್ರ ಬಂತು, ಈಗ?

ಓಡ್ಬೇಡಿ. ಎಲ್ರೂ ಹೇಳೋ ಮಾತೇ, ಆದ್ರೆ ಆ ಕ್ಷಣಕ್ಕೆ ಕಾಲು ತಾನೇ ಓಡತ್ತೆ, ಅದಕ್ಕೇ ಓಡೋ ಬದಲು ಏನು ಮಾಡ್ಬೇಕು ಅನ್ನೋದು ಮೊದ್ಲೇ ತಲೇಲಿ ಇರ್ಬೇಕು.

ಮೊದ್ಲು ದೂರ ಜಾಸ್ತಿ ಮಾಡಿ. "ಬಾ ಈಕಡೆ", ತಿರುಗಿ, ಅಥವಾ ರಸ್ತೆ ದಾಟಿ, ಅದೂ ಆಗಲ್ಲ ಅಂದ್ರೆ ಸೀದಾ ಎದುರಿಗೆ ಹೋಗ್ದೆ ಕಮಾನಿನ ಥರ ಬಳಸ್ಕೊಂಡು ಹೋಗಿ. ನಿಂತಿರೋ ಕಾರನ್ನ ಮಧ್ಯ ಇಟ್ಕೊಳ್ಳಿ, ಒಬ್ರನ್ನೊಬ್ರು ಕಾಣ್ದೆ ಇದ್ರೆ ಅರ್ಧಕ್ಕರ್ಧ ಜಗಳ ಅಲ್ಲೇ ತಣ್ಣಗಾಗತ್ತೆ. ಲೀಶ್ ಗಿಡ್ಡ ಮಾಡಿ ಆದ್ರೆ ಬಿಗಿಯಾಗಿ ಜಗ್ಗಿ ಹಿಡೀಬೇಡಿ, ಬಿಗಿದ ಲೀಶ್ ನಿಮ್ಮ ನಾಯಿಗೆ "ಅಮ್ಮನಿಗೆ ಭಯ ಆಗಿದೆ" ಅನ್ನೋ ಸಂದೇಶ ಕೊಡತ್ತೆ, ಅದು ಇನ್ನೂ ಎಗರಾಡತ್ತೆ. ಉಸಿರು ಬಿಡಿ, ಜೋರಾಗಿ ಏನಾದ್ರೂ ಮಾತಾಡಿ, ಸೊಪ್ಪಿನ ರೇಟ್ ಬೇಕಾದ್ರೂ ಹೇಳಿ, ಮಾತಾಡ್ತಿರೋ ಮನುಷ್ಯ ಉಸಿರು ಕಟ್ಟಲ್ಲ.

ಆದ್ರೂ ಬರ್ತಿದೆ ಅಂದ್ರೆ ನಿಮ್ಮ ನಾಯಿನ "ಹಿಂದೆ" ಕಳ್ಸಿ, ನೀವು ಮುಂದೆ ನಿಲ್ಲಿ, ಬರೋ ನಾಯಿ ಕಡೆ ಮುಖ ಮಾಡಿ. ಬೆನ್ನು ತೋರಿಸಿದ್ರೆ ಹಿಂದಿಂದ ಕಾಲು ಹಿಡಿಯತ್ತೆ. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸ್ಬೇಡಿ, ಅದರ ಎದೆ ಕಡೆ ನೋಡಿ. ಗಟ್ಟಿ ದಪ್ಪ ದನೀಲಿ "ಹಚಾ! ಹೋಗು!" ಅನ್ನಿ, ಕಿರುಚಬೇಡಿ, ಕಿರುಚು ದನಿಗೆ ನಾಯಿಗಳು ಇನ್ನೂ ಉದ್ರೇಕ ಆಗ್ತವೆ. ನಮ್ಮ ಬೀದಿನಾಯಿಗಳಿಗೆ ಕಲ್ಲಿನ ಅನುಭವ ಚೆನ್ನಾಗಿದೆ, ಬಗ್ಗಿ ನೆಲ ಮುಟ್ಟೋ ಥರ ಮಾಡಿದ್ರೇನೇ ಹೆಚ್ಚಿನವು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗ್ತವೆ, ಕಲ್ಲು ಇರ್ಬೇಕು ಅಂತಿಲ್ಲ ಹೊಡೀಲೂಬೇಕಿಲ್ಲ. ಆದ್ರೆ ನಾಯಿ ಮೂಗಿನ ಹತ್ರ ಬಂದ್ಮೇಲೆ ಬಗ್ಗಬೇಡಿ, ಮುಖ ಅದರ ಬಾಯಿಗೆ ಸಿಗತ್ತೆ.

ಈಗ ಬಿಸ್ಕತ್ತು. ಗುಂಪಿನ ಮುಂದಿರೋ ನಾಯಿ ಹದಿನೈದಿಪ್ಪತ್ತು ಅಡಿ ದೂರದಲ್ಲಿರುವಾಗ ಒಂದು ಹಿಡಿ ಪುಡಿ ಮಾಡಿ ಅದರ ಮುಖದ ಆಚೆಗೆ, ಹಿಂದಕ್ಕೆ ಎರಚಿ. ಒಂದೇ ಬಿಸ್ಕತ್ತು ಎಸೀಬೇಡಿ, ಅದಕ್ಕೆ ಜಗಳ ಆಡ್ಕೊಂಡು ಸುತ್ತಲಿನ ಎಲ್ಲಾ ನಾಯಿ ಬರತ್ತೆ. ಹರಡಿ ಬಿದ್ರೆ ಮೂಸಿ ಹುಡುಕ್ತಾ ಇರ್ತವೆ, ಅಷ್ಟ್ರಲ್ಲಿ ನೀವು ಹಿಮ್ಮುಖವಾಗಿ ನಿಧಾನಕ್ಕೆ ಜಾಗ ಖಾಲಿ ಮಾಡಿ. ಆಗ್ಲೇ ಹಲ್ಲು ಬಿಟ್ಕೊಂಡು ಓಡಿ ಬರ್ತಿರೋ ನಾಯಿಗೆ ಬಿಸ್ಕತ್ತು ಕಾಣೋದೂ ಇಲ್ಲ, ಅಲ್ಲಿ ಕೊಡೆ.

ಸುತ್ತುವರಿದ್ರೆ ಬೆನ್ನಿಗೆ ಗೋಡೆ ಅಥವಾ ಎರಡು ಕಾರಿನ ಸಂದಿ ಹುಡುಕಿ, ಹಿಂದಿಂದ ಬರೋದು ನಿಲ್ಲತ್ತೆ. ಚಿಕ್ಕ ನಾಯಿ, ಶಿಟ್ಜು ಪೊಮೇರಿಯನ್ ಥರದ್ದು ಇದ್ರೆ ಎತ್ಕೋಬೇಕಾ ಬೇಡ್ವಾ ಅಂತ ತುಂಬಾ ಜನ ಕೇಳ್ತಾರೆ. ನನ್ನ ಉತ್ತರ, ದೂರ ಇದ್ದಾಗ ಎತ್ಕೊಳ್ಳಿ, ಹತ್ರ ಬಂದ್ಮೇಲೆ ಬೇಡ. ಮೂತಿಗೆ ಮೂತಿ ತಾಗೋ ಹೊತ್ತಲ್ಲಿ ಎತ್ತಿದ್ರೆ ಎದುರಿನ ನಾಯಿ ನಿಮ್ಮ ಎದೆಗೇ ಹಾರತ್ತೆ. ಎತ್ಕೊಂಡ್ಮೇಲೆ ಅಲ್ಲೇ ನಿಂತು ಯೋಚ್ನೆ ಮಾಡ್ಬೇಡಿ, ಕಾರ್ ಬಾನೆಟ್ ಮೇಲೋ ಕಾಂಪೌಂಡ್ ಮೇಲೋ ಗೇಟ್ ಒಳಗೋ ಹಾಕಿ. ಕಾರಿನ ಓನರ್ ಬೈದ್ರೆ ಆಮೇಲೆ ನೋಡ್ಕೊಳ್ಳೋಣ.

ಹೆಜ್ಜೆ 7: "ನಮ್ದು ಏನೂ ಮಾಡಲ್ಲ ಸಾರ್"

ನಿಜ ಹೇಳ್ಬೇಕಂದ್ರೆ ನಂಗೆ ಬೀದಿನಾಯಿಗಿಂತ ಜಾಸ್ತಿ ಭಯ ಲೀಶ್ ಇಲ್ದೆ ಬಿಟ್ಟಿರೋ ದೊಡ್ಡ ಸಾಕುನಾಯಿ. ಬೀದಿನಾಯಿಗೆ ಮೊದ್ಲು ಎಚ್ಚರಿಕೆ ಕೊಡೋ ರೂಢಿ ಇದೆ, ಗಾಯ ಆದ್ರೆ ತನ್ನ ಹೊಟ್ಟೆಪಾಡು ಹೋಗತ್ತೆ ಅಂತ ಅದಕ್ಕೂ ಅಂದಾಜಿದೆ. ನಾಲ್ಕು ಗೋಡೆ ಮಧ್ಯ ಬೆಳೆದು ಬೇರೆ ನಾಯಿ ಮುಖನೇ ನೋಡ್ದಿರೋ ನಲವತ್ತೈದು ಕೆಜಿ ನಾಯಿಗೆ ಅದ್ಯಾವ್ದೂ ಗೊತ್ತಿಲ್ಲ, ಹಿಡಿದ್ರೆ ಬಿಡಲ್ಲ.

ಓನರ್ ಕಂಡ್ರೆ ದೂರದಿಂದ್ಲೇ "ದಯವಿಟ್ಟು ಲೀಶ್ ಹಾಕಿ, ನಮ್ಮ ನಾಯಿಗೆ ಹುಷಾರಿಲ್ಲ, ಅಂಟತ್ತೆ" ಅನ್ನಿ. ನಮ್ಮ ನಾಯಿ ಹೆದರತ್ತೆ ಅಂದ್ರೆ ನಕ್ಕೊಂಡು ಹತ್ರ ಬರ್ತಾರೆ, ಅಂಟುರೋಗ ಅಂದ್ರೆ ಓಡಿ ಬಂದು ಹಿಡ್ಕೋತಾರೆ. ಸುಳ್ಳು ಹೌದು, ಪರ್ವಾಗಿಲ್ಲ. ಅಪಾರ್ಟ್‌ಮೆಂಟ್ ಲಿಫ್ಟ್ ಬಾಗಿಲಿಗೆ ನೇರ ನಿಲ್ಬೇಡಿ, ಪಕ್ಕಕ್ಕೆ ನಿಂತು ಒಳಗೆ ಯಾರಿದಾರೆ ನೋಡಿ, ಇನ್ನೊಂದು ನಾಯಿ ಇದ್ರೆ ಮುಂದಿನ ಲಿಫ್ಟ್.

ತಳಿ ವಿಷ್ಯಕ್ಕೆ ಬಂದ್ರೆ, ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿ ನಿಷೇಧಕ್ಕೆ ಸುತ್ತೋಲೆ ಹೊರಡಿಸಿತ್ತು, ಅದನ್ನ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡ್ತು. ಹಾಗಾಗಿ ಆ ಸುತ್ತೋಲೆ ಹಿಡ್ಕೊಂಡು ಪಕ್ಕದ ಮನೆಯೋರ ಜೊತೆ ಜಗಳಕ್ಕೆ ಹೋದ್ರೆ ಪ್ರಯೋಜನ ಇಲ್ಲ. ಉಪಯೋಗಕ್ಕೆ ಬರೋದು ಭಾರತೀಯ ನ್ಯಾಯ ಸಂಹಿತೆ ಕಲಂ 291, ಪ್ರಾಣಿ ಸಾಕಿರೋರು ಅದ್ರಿಂದ ಮನುಷ್ಯರಿಗೆ ಅಪಾಯ ಆಗ್ದಂಗೆ ನೋಡ್ಕೊಳ್ಳೋದ್ರಲ್ಲಿ ನಿರ್ಲಕ್ಷ್ಯ ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಗಮನಿಸಿ, ಅಲ್ಲಿ ಮಾತು ಮನುಷ್ಯರಿಗೆ ಆಗೋ ಅಪಾಯದ್ದು, ಹಾಗಾಗಿ ದೂರು ಕೊಡುವಾಗ "ನಾನು ಲೀಶ್ ಹಿಡ್ಕೊಂಡು ನಿಂತಿದ್ದೆ, ನನ್ನ ಮೇಲೂ ಎರಗ್ತು" ಅನ್ನೋದು ನಡೆದಿದ್ರೆ ಅದನ್ನ ಬಿಡ್ದೆ ಬರೀರಿ.

ಹೆಜ್ಜೆ 8: ಕಚ್ಚಾಟ ಶುರು ಆಗೇಬಿಡ್ತು

ಎರಡು ನಾಯಿ ತಲೆ ಮಧ್ಯ ಕೈ ಹಾಕ್ಬೇಡಿ, ಬೆಲ್ಟ್ ಹಿಡಿಯೋಕೂ ಹೋಗ್ಬೇಡಿ. ಆ ಹೊತ್ತಲ್ಲಿ ನಿಮ್ಮ ಸ್ವಂತ ನಾಯಿನೇ ಯಾರ ಕೈ ಅಂತ ನೋಡ್ದೆ ಕಚ್ಚತ್ತೆ.

ಎದುರಿನ ನಾಯಿ ಹಲ್ಲು ಊರಿ ಹಿಡ್ಕೊಂಡಿರುವಾಗ ನಿಮ್ಮ ನಾಯಿನ ಲೀಶ್ ಹಿಡಿದು ಎಳೀಬೇಡಿ, ಮಾಂಸ ಹರ್ಕೊಂಡು ಬರತ್ತೆ. ಸಿಕ್ಕ ಸದ್ದು ಮಾಡಿ, ಅಂಗಡಿ ಶಟರ್ ಬಡೀರಿ, ಸ್ಕೂಟರ್ ಹಾರ್ನ್ ಒತ್ತೋಕೆ ಹೇಳಿ. ನೀರು ಸಿಕ್ರೆ ಮುಖಕ್ಕೆ, ಮೂಗಿಗೆ ಸುರೀರಿ, ಬೆಳಿಗ್ಗೆ ಅಂಗಳ ತೊಳೀತಿರೋರ ಪೈಪು ಬಕೆಟ್ಟು ಎಲ್ಲಾ ಕೆಲಸಕ್ಕೆ ಬರತ್ತೆ. ಮಧ್ಯಕ್ಕೆ ಅಡ್ಡ ಏನಾದ್ರೂ ತೂರಿಸಿ, ಕೊಡೆ, ಬ್ಯಾಗು, ಪ್ಲಾಸ್ಟಿಕ್ ಕುರ್ಚಿ, ಡಸ್ಟ್‌ಬಿನ್ ಮುಚ್ಚಳ. ಜಾಕೆಟ್ ಇದ್ರೆ ದಾಳಿ ಮಾಡ್ತಿರೋ ನಾಯಿ ತಲೆ ಮೇಲೆ ಹಾಕಿ, ಕಣ್ಣು ಕಾಣ್ದೆ ಇದ್ರೆ ಕೆಲವು ಸಡಿಲ ಬಿಡ್ತವೆ.

ಇಬ್ರು ಇದ್ರೆ, ಎರಡೇ ನಾಯಿ ಆದ್ರೆ, ಒಬ್ಬೊಬ್ರು ಒಂದೊಂದು ನಾಯಿ ಹಿಂಗಾಲು ಎರಡನ್ನೂ ತೊಡೆ ಹತ್ರ ಹಿಡಿದೆತ್ತಿ, ತಳ್ಳುಗಾಡಿ ಥರ, ಹಲ್ಲಿನ ಹಿಡಿತ ಸಡಿಲ ಆದ ಕ್ಷಣ ಅರ್ಧಚಂದ್ರಾಕಾರದಲ್ಲಿ ಹಿಂದಕ್ಕೆ ನಡೀರಿ. ನಿಂತ್ರೆ ತಿರುಗಿ ಕಚ್ಚತ್ತೆ, ನಡೀತಾನೇ ಇರ್ಬೇಕು, ಬಿಡೋದು ಮಧ್ಯ ಒಂದು ಗೇಟೋ ಬಾಗಿಲೋ ಬಂದ್ಮೇಲೇನೇ. ಒಬ್ರೇ ಇದ್ರೆ ಇದನ್ನ ದಾಳಿ ಮಾಡ್ತಿರೋ ನಾಯಿಗೆ ಮಾಡ್ಬೇಕಾಗತ್ತೆ, ರಿಸ್ಕ್ ಜಾಸ್ತಿ, ಮೊದ್ಲು ನೀರು ಮತ್ತೆ ಅಡ್ಡ ತೂರಿಸೋದು ನೋಡಿ.

ನೀವು ಕೆಳಗೆ ಬಿದ್ರೆ ಮೊಣಕಾಲು ಹೊಟ್ಟೆಗೆ ಒತ್ತಿ ಮುದುಡಿ ಮಲಗಿ, ಎರಡೂ ಕೈ ಬೆರಳು ಹೆಣೆದು ಕುತ್ತಿಗೆ ಹಿಂದೆ ಇಟ್ಟು ಮುಖ ಒಳಗೆ ಮುಚ್ಕೊಳ್ಳಿ. ಆ ಹೊತ್ತಲ್ಲಿ ಲೀಶ್ ಬಿಟ್ಟೋದ್ರೆ ಹೋಗ್ಲಿ.

ಹೆಜ್ಜೆ 9: ಆದ್ಮೇಲಿನ ಮೊದಲ ಒಂದು ಗಂಟೆ

ನಿಮಗೆ ಹಲ್ಲು ತಾಗಿದ್ರೆ, ಬರೀ ಗೀಚಿದ್ರೂ, ಹರಿಯೋ ನೀರಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೀರಿ. ಫೋನ್‌ನಲ್ಲಿ ಟೈಮರ್ ಇಟ್ಕೊಂಡು ತೊಳೀರಿ, ಯಾಕಂದ್ರೆ ಎರಡು ನಿಮಿಷಕ್ಕೇ ಹದಿನೈದಾಯ್ತು ಅನ್ಸತ್ತೆ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನೋ ಗಾಯದ ಔಷಧಿ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವ್ದೂ ಬೇಡ, ಅಜ್ಜಿ ಎಷ್ಟೇ ಒತ್ತಾಯ ಮಾಡಿದ್ರೂ. ಅವತ್ತೇ ಆಸ್ಪತ್ರೆಗೆ. ಸ್ನಾಯುವಿಗೆ ಹಾಕೋ ಲಸಿಕೆ ಆದ್ರೆ 0, 3, 7, 14, 28ನೇ ದಿನ, ಚರ್ಮದೊಳಗೆ ಹಾಕೋದಾದ್ರೆ 0, 3, 7, 28. ರಕ್ತ ಬಂದಿರೋ ಗಾಯ ಆದ್ರೆ ಲಸಿಕೆ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನೋ ಇಂಜೆಕ್ಷನ್ ಗಾಯದ ಸುತ್ತಲೇ ಕೊಡ್ಬೇಕು, ಅದನ್ನ ಕೇಳಿ ಹಾಕಿಸ್ಕೊಳ್ಳಿ, ಎಷ್ಟೋ ಕಡೆ ಕೇಳ್ದಿದ್ರೆ ಬರೀ ಲಸಿಕೆ ಹಾಕಿ ಕಳಿಸ್ತಾರೆ. ನಾಯಿನ ಹತ್ತು ದಿನ ನೋಡೋಣ, ಆಮೇಲೆ ಲಸಿಕೆ ಅಂತ ಕಾಯ್ಬೇಡಿ. ಲಸಿಕೆ ಶುರು ಮಾಡಿ, ನಾಯಿ ಮೇಲೂ ಕಣ್ಣಿಡಿ. ರೇಬಿಸ್ ಲಕ್ಷಣ ಒಂದ್ಸಲ ಕಾಣಿಸ್ಕೊಂಡ್ರೆ ಉಳಿಯೋದು ಇಲ್ಲವೇ ಇಲ್ಲ ಅನ್ನೋ ಹಾಗೆ.

ದಿನಾ ನಾಯಿ ಜೊತೆ ರಸ್ತೇಲಿ ಇರೋರು ಮುಂಚಿತವಾಗಿ ಹಾಕಿಸ್ಕೊಳ್ಳೋ ರೇಬಿಸ್ ಲಸಿಕೆ ಬಗ್ಗೆ ಡಾಕ್ಟರ್ ಹತ್ರ ಕೇಳಿ. ಆ ಕೋರ್ಸ್ ಪೂರ್ತಿ ಆಗಿದ್ರೆ ಕಚ್ಚಿದಾಗ 0 ಮತ್ತು 3ನೇ ದಿನ ಎರಡು ಡೋಸ್ ಸಾಕು, ಇಮ್ಯುನೋಗ್ಲೋಬ್ಯುಲಿನ್ ಬೇಕಾಗಲ್ಲ.

ಈಗ ನಾಯಿ ವಿಷ್ಯ. ಮುಟ್ಟೋಕೆ ಮುಂಚೆ ಗ್ಲೌಸ್ ಹಾಕ್ಕೊಳ್ಳಿ, ಅದರ ಕೂದಲ ಮೇಲೆ ಬೇರೆ ನಾಯಿ ಜೊಲ್ಲು ಇರತ್ತೆ, ನಿಮ್ಮ ಕೈಲಿ ಗೀರು ಇರತ್ತೆ. ಕೂದಲು ಬಿಡಿಸಿ ಬಿಡಿಸಿ ನೋಡಿ, ಕುತ್ತಿಗೆ, ಕಿವಿ ಬುಡ, ಕಂಕುಳು, ಹೊಟ್ಟೆ, ತೊಡೆ ಸಂದಿ. ಹೊರಗೆ ಕಾಣೋದು ಹಲ್ಲಿನ ಸಣ್ಣ ತೂತು ಅಷ್ಟೇ, ಆದ್ರೆ ಹಿಡಿದು ಒದರಿದ್ರೆ ಒಳಗೆ ಚರ್ಮ ಮಾಂಸದಿಂದ ಬೇರೆ ಆಗಿರತ್ತೆ, ಚಿಕ್ಕ ನಾಯಿಗಳಲ್ಲಿ ಪಕ್ಕೆಲುಬು ಶ್ವಾಸಕೋಶಕ್ಕೂ ಏಟು ಬಿದ್ದಿರತ್ತೆ, ಹೊರಗೆ ಒಂದು ಹನಿ ರಕ್ತ ಇರಲ್ಲ. ವಸಡು ಬಿಳಿಚಿದ್ರೆ, ಉಸಿರು ಜೋರಾಗಿದ್ರೆ, ಹೊಟ್ಟೆ ಮುಟ್ಟೋಕೆ ಬಿಡ್ದೆ ಇದ್ರೆ ಒಂದು ನಿಮಿಷನೂ ಕಾಯ್ಬೇಡಿ. ಆರಾಮಾಗಿ ಕಂಡ್ರೂ ಅವತ್ತೇ ವೆಟ್ ಹತ್ರ ಹೋಗಿ, ಲಸಿಕೆ ಪುಸ್ತಕ ತಗೊಂಡು. ಲಸಿಕೆ ಸರಿಯಾಗಿ ಹಾಕ್ಸಿದ್ರೂ ಮತ್ತೆ ರೇಬಿಸ್ ಡೋಸ್ ಹಾಕ್ತಾರೆ, ಎಷ್ಟು ಅಂತ ಅವರೇ ಹೇಳ್ತಾರೆ. ನಿಮ್ಮ ಮನೇಲಿರೋ ನೋವಿನ ಮಾತ್ರೆ ಕೊಡ್ಬೇಡಿ, ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಾಯಿಗೆ ವಿಷ ಆಗ್ಬೋದು. ರಾತ್ರಿ ಹೊತ್ತು ತೆಗ್ದಿರೋ ಕ್ಲಿನಿಕ್ ಯಾವ್ದು ಅಂತ ಇವತ್ತೇ ವಿಚಾರಿಸಿ ನಂಬರ್ ಸೇವ್ ಮಾಡಿ, ಹಗಲಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜ್ ಆಸ್ಪತ್ರೆ ಇದೆ.

ಹೆಜ್ಜೆ 10: ದೂರು, ಮತ್ತೆ ಏನು ಕೇಳ್ಬೇಕು

ಬೆಂಗಳೂರಲ್ಲಿ ಪಾಲಿಕೆ ಸಹಾಯವಾಣಿ 1533, ಬೇರೆ ಊರಲ್ಲಿ ಮಹಾನಗರಪಾಲಿಕೆ ಅಥವಾ ನಗರಸಭೆಗೆ ಬರವಣಿಗೇಲಿ ಕೊಡಿ. ಜಾಗ, ಟೈಮು, ನಾಯಿ ಬಣ್ಣ, ಕಿವಿ ಕತ್ತರಿಸಿದೆಯೋ ಇಲ್ವೋ, ಫೋಟೋ, ಆಸ್ಪತ್ರೆ ಚೀಟಿ. "ಎಲ್ಲಾ ನಾಯಿ ಎತ್ತಾಕ್ಕೊಂಡು ಹೋಗಿ" ಅಂದ್ರೆ ಕೆಲಸ ಆಗಲ್ಲ, 2023ರ ಎಬಿಸಿ ನಿಯಮಗಳ ಪ್ರಕಾರ ಹಿಡಿದ ನಾಯಿಗೆ ಆಪರೇಷನ್, ಲಸಿಕೆ ಮಾಡಿ ಅದೇ ಜಾಗಕ್ಕೆ ವಾಪಸ್ ಬಿಡ್ಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲೂ ಅದನ್ನೇ ಹೇಳ್ತು, ರೇಬಿಸ್ ಇರೋವು ಮತ್ತು ಆಕ್ರಮಣಕಾರಿ ನಾಯಿಗಳನ್ನ ಬಿಟ್ಟು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದಂಥ ಆವರಣಗಳಿಂದ ನಾಯಿಗಳನ್ನ ತೆಗೆದು ಅಲ್ಲಿಗೇ ವಾಪಸ್ ಬಿಡ್ಬಾರ್ದು ಅಂತು.

ಹಾಗಾಗಿ ದೂರಿನಲ್ಲಿ ಕೇಳ್ಬೇಕಾಗಿದ್ದು ನಿರ್ದಿಷ್ಟವಾಗಿರ್ಲಿ. ಕಚ್ಚಿರೋ ಆ ಒಂದು ನಾಯಿನ ಹಿಡಿದು ನಿಗಾದಲ್ಲಿಡಿ, ಆ ರಸ್ತೇಲಿ ಆಪರೇಷನ್ ಆಗ್ದಿರೋ ನಾಯಿಗಳಿಗೆ ಮಾಡಿ, ಎಲ್ಲಕ್ಕೂ ಲಸಿಕೆ ಹಾಕಿ, ಆ ಕಸದ ರಾಶಿ ಎತ್ತಿಸಿ. ಗೇಟಿನ ಬಾಯಲ್ಲಿ, ಮಕ್ಕಳು ಆಡೋ ಜಾಗದಲ್ಲಿ ಊಟ ಹಾಕ್ತಿದ್ರೆ ಜಾಗ ಬದಲಾಯ್ಸೋಕೆ ಆ ಎಬಿಸಿ ನಿಯಮಗಳಲ್ಲೇ ಅವಕಾಶ ಇದೆ, ಊಟ ಹಾಕೋರ ಜೊತೆ ಕೂತು ಮಾತಾಡಿ.

ಹೆಜ್ಜೆ 11: ಮತ್ತೆ ರಸ್ತೆಗಿಳಿಯೋದು

ದಾಳಿ ಆದ್ಮೇಲೆ ಗಾಯ ಮಾಯತ್ತೆ, ಆದ್ರೆ ನಾಯಿ ಗೇಟ್ ದಾಟೋಕೆ ಒಪ್ಪಲ್ಲ, ಅಥವಾ ಕಂಡ ನಾಯಿಗೆಲ್ಲ ಎಗರಾಡೋಕೆ ಶುರು ಮಾಡತ್ತೆ. ನಿಮಗೂ ದೂರದಲ್ಲಿ ಬೊಗಳಿದ್ರೆ ಎದೆ ಡವಡವ. ಧೈರ್ಯ ಬರ್ಲಿ ಅಂತ ಮಾರನೇ ದಿನವೇ ಅದೇ ರಸ್ತೆಗೆ ಎಳ್ಕೊಂಡು ಹೋಗೋದು ಇದೆಯಲ್ಲ, ದಯವಿಟ್ಟು ಬೇಡ.

ಮೊದಲ ಕೆಲವು ದಿನ ವಾಕಿಂಗ್ ಇಲ್ದಿದ್ರೆ ಏನೂ ಆಗಲ್ಲ. ಮನೇಲಿ ಹಳೇ ಟವಲ್‌ನಲ್ಲಿ ತಿಂಡಿ ಸುತ್ತಿ ಹುಡುಕೋಕೆ ಕೊಡಿ, ಟೆರೇಸ್‌ನಲ್ಲಿ ಸುತ್ತಾಡಿಸಿ. ಆಮೇಲೆ ಗೇಟ್ ಹತ್ರ ಸುಮ್ನೆ ಕೂತು ವಾಪಸ್ ಬನ್ನಿ. ಆಮೇಲೆ ಮನೆ ಮುಂದೆ ಹತ್ತು ಹೆಜ್ಜೆ. ದೂರದಲ್ಲಿ ನಾಯಿ ಕಂಡ ತಕ್ಷಣ, ನಿಮ್ಮ ನಾಯಿ ನೋಡಿದ್ರೂ ಇನ್ನೂ ಕೂಗಾಡೋಕೆ ಶುರು ಮಾಡ್ದಿರೋ ಆ ದೂರದಲ್ಲೇ, ಬೇಯಿಸಿದ ಚಿಕನ್ ಅಥವಾ ಪನೀರ್ ಚೂರು ಬಾಯಿಗೆ. ಆ ನಾಯಿ ಮರೆಯಾದ್ರೆ ಚಿಕನ್ನೂ ಬಂದ್. ಹೀಗೆ ದಿನಾ ಮಾಡ್ತಾ ಹೋದ್ರೆ ಬೇರೆ ನಾಯಿ ಕಂಡಾಗ ತಿರುಗಿ ನಿಮ್ಮ ಮುಖ ನೋಡತ್ತೆ, ಎಲ್ಲಿ ನನ್ನ ಪಾಲು ಅಂತ. ಅದಾದ್ಮೇಲೇನೇ ಎರಡು ಹೆಜ್ಜೆ ಹತ್ರ. ಒಂದಿನ ಚೆನ್ನಾಗಿ ಮಾಡಿ ಮಾರನೇ ದಿನ ಕೆಡಿಸ್ಕೊಳ್ಳತ್ತೆ, ಬೈಬೇಡಿ, ದೂರ ಜಾಸ್ತಿ ಮಾಡಿ ಅಷ್ಟೇ.

ನಿಮ್ಮ ಭಯಕ್ಕೆ, ಮತ್ತೆ ಹೆಜ್ಜೆ 1. ನಾಯಿ ಇಲ್ದೆ ಒಬ್ರೇ ಆ ರಸ್ತೇಲಿ ನಡೀರಿ, ಆಮೇಲೆ ಮನೆಯೋರನ್ನ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ನಾಯಿ ಸಮೇತ, ಒಬ್ರು ಲೀಶ್ ಇನ್ನೊಬ್ರು ಕೊಡೆ. ದಾಳಿ ಆದ ಆ ತಿರುವನ್ನ ಶಾಶ್ವತವಾಗಿ ಬಿಟ್ಟುಬಿಟ್ರೂ ತಪ್ಪೇನಿಲ್ಲ, ಬೇರೆ ರಸ್ತೆ ಇದ್ರೆ ಅದೇ ರಸ್ತೇಲಿ ಗೆಲ್ಲಬೇಕು ಅಂತ ಯಾರೂ ಪಂದ್ಯ ಕಟ್ಟಿಲ್ಲ. ಮೂರ್ನಾಲ್ಕು ವಾರ ಆದ್ರೂ ನಾಯಿ ಹೊರಗೆ ತನ್ನ ಇಷ್ಟದ ತಿಂಡಿನೂ ಮೂಸ್ದೆ ನಡುಗ್ತಾ ನಿಲ್ತಿದ್ರೆ ವೆಟ್ ಹತ್ರ ಮಾತಾಡಿ, ಒಳಗೆ ನೋವು ಉಳ್ಕೊಂಡಿರ್ಬೋದು, ಆತಂಕಕ್ಕೆ ಔಷಧಿನೂ ಇದೆ. ಟ್ರೈನರ್ ಕರೆಸೋದಾದ್ರೆ ಫೋನಲ್ಲೇ ಕೇಳಿ ಹೆಂಗೆ ಕಲಿಸ್ತೀರ ಅಂತ, ಬಿಗಿಯೋ ಚೈನು, ಕರೆಂಟ್ ಬೆಲ್ಟು, "ಅದಕ್ಕೆ ಬಾಸ್ ಯಾರು ಅಂತ ತೋರಿಸ್ಬೇಕು" ಅನ್ನೋ ಮಾತು ಬಂದ್ರೆ ಥ್ಯಾಂಕ್ಸ್ ಹೇಳಿ ಇಟ್ಬಿಡಿ, ಇನ್ನೊಬ್ರಿಗೆ ಫೋನ್ ಮಾಡಿ.